ಮೀನು ದಾಟಿಸುವವಳು

ಫೆಬ್ರವರಿ ೩

ಇವರ ಅಪ್ಪಣೆಯ ಮೇರೆಗೆ ಈ ಪುಸ್ತಕ ಶುರುವಾಗಿದೆ. ಬೆಳಗಿನ ಜಾವ ಎಬ್ಬಿಸಿ "ಹಿಂಬಾಗಿಲ ಚಿಲಕ ಹಾಕಿದ್ದೀನಾ?" ಎಂದು ಕೇಳಿದ್ದೇ ತಪ್ಪಾಯಿತು.

"ನೋಡು, ಮುರಿದಿರೋದು ನನ್ನ ಸೊಂಟದ ಮೂಳೆ. ನೀನು ನಿದ್ದೆನೂ ಮುರೀತಾ ಇದ್ದೀಯ. ಏನೇನು ಹೆದರಿಕೆ ಇದೆಯೋ ಎಲ್ಲಾ ಒಂದು ಪುಸ್ತಕಕ್ಕೆ ಬರಿ. ಪುಸ್ತಕಕ್ಕೆ ನಿದ್ದೆ ಬರಲ್ಲ," ಎಂದರು.

ಏಳನೇ ತರಗತಿಯನ್ನು ಮೂರು ಸಲ ಶುರು ಮಾಡಿ ಒಂದು ಸಲವೂ ಮುಗಿಸದವಳು ನಾನು. ಮೊದಲ ಸಲ ಅಮ್ಮನ ಬಾಣಂತನ, ಎರಡನೇ ಸಲ ಅಪ್ಪನ ಕಾಯಿಲೆ, ಮೂರನೇ ಸಲ ತಂಗಿಯ ಪಕ್ಕದಲ್ಲೇ ಕೂರಬೇಕಾಗಿ ಬಂದು ನಾಚಿಕೆ. ತಪ್ಪಿದ್ದರೆ ತಪ್ಪು. ಓದುವವಳೂ ನಾನೇ ತಾನೆ.

ಹೆದರಿಕೆ ಎಲ್ಲಿಂದ ಶುರು ಮಾಡಲಿ? ಇವರು ಡಿಸೆಂಬರಿನಲ್ಲಿ ಅಣೆಕಟ್ಟಿನ ಗೇಟಿಗೆ ಎಣ್ಣೆ ಹಾಕುವಾಗ ಏಣಿಯಿಂದ ಬಿದ್ದರು. ಸೊಂಟಕ್ಕೆ ಕಂಬಿ ಹಾಕಿದ್ದಾರೆ. ಡಾಕ್ಟರು ನಡೆಸಿ ಅನ್ನುತ್ತಾರೆ. ನಡೆಸಿ ಅನ್ನುವುದು ಸುಲಭ. ಬಚ್ಚಲಮನೆಯ ನೆಲ ಅವರು ನೋಡಿಲ್ಲ. ಹಾಗಾಗಿ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ನಾನೇ ತೋಳು ಹಿಡಿದು ಸಾಗಿಸುತ್ತೇನೆ.

ಇನ್ನೊಂದು, ಅಣೆಕಟ್ಟನ್ನೇ ಒಡೆಯುತ್ತಾರಂತೆ. ಈ ಸಲ ನಿಜವಾಗಿ.

ಫೆಬ್ರವರಿ ೧೧

ಅಣೆಕಟ್ಟಿನ ಕ್ಯಾಂಟೀನಿನಲ್ಲಿ ಸಭೆ. ಹೊಳೆ ಮೇಡಂ ಬಂದಿದ್ದರು. ಹೊಳೆಯನ್ನು ಓದಿಕೊಂಡವರು, ಅದಕ್ಕೆ ಆ ಹೆಸರು. ವಯಸ್ಸು ನನ್ನದರಲ್ಲಿ ಅರ್ಧ. ಅಣೆಕಟ್ಟಿನ ಗೋಡೆ ಹಳೆಯದಾಗಿದೆ, ಕರೆಂಟು ಕೊಡುವುದಕ್ಕಿಂತ ರಿಪೇರಿ ತಿನ್ನುತ್ತಿದೆ, ಅದನ್ನು ತೆಗೆದರೆ ಏರುಮೀನು ತಾನೇ ಮೇಲಕ್ಕೆ ಹೋಗುತ್ತದೆ, ಹೊಳೆಯುದ್ದಕ್ಕೂ ಮತ್ತೆ ಮೀನಾಗುತ್ತದೆ ಎಂದು ಚಿತ್ರ ತೋರಿಸಿ ಹೇಳಿದರು.

ತಾನೇ ಹೋಗುತ್ತದಂತೆ. ಏರುಮೀನು ಬೆಳೆಯುವುದು ಸಮುದ್ರದಲ್ಲಿ, ಮೊಟ್ಟೆ ಇಡುವುದು ಮೇಲಿನ ಹೊಳೆಯ ನುಣ್ಣನೆ ಕಲ್ಲುಗಳ ನಡುವೆ. ಮಳೆಗಾಲದ ಶುರುವಿನಲ್ಲಿ ಅದು ಹತ್ತಿ ಬಂದು ಈ ಗೋಡೆಗೆ ಮೂತಿ ಗುದ್ದಿಕೊಂಡು ನಿಲ್ಲುತ್ತದೆ. ಗೋಡೆಯ ಬುಡದಲ್ಲಿ ಒಂದು ಕಬ್ಬಿಣದ ಬೋನು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಬೋನಿನೊಳಗೆ ಸೊಂಟದುದ್ದ ನೀರಲ್ಲಿ ನಿಂತು, ಒಂದೊಂದೇ ಮೀನನ್ನು ಒದ್ದೆ ಬಟ್ಟೆಯ ಜೋಲಿಯಲ್ಲಿ ಎತ್ತಿ, ಲಾರಿಯ ಟ್ಯಾಂಕಿಗೆ ಬಿಡುವುದೇ ನನ್ನ ಕೆಲಸ. ಮೈದುನ ಲಾರಿ ಓಡಿಸುತ್ತಾನೆ. ಗುಡ್ಡ ಸುತ್ತಿ ಹೋಗಿ ಮೇಲಿನ ಮಡುವಿನಲ್ಲಿ ಬಿಟ್ಟು ಬರುತ್ತೇವೆ. ಒಣ ಕೈಯಲ್ಲಿ ಮುಟ್ಟಿದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ, ಆಮೇಲೆ ಅದಕ್ಕೆ ಹುಣ್ಣು. ಹಾಗಾಗಿ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಎಷ್ಟು ಅಭ್ಯಾಸವೆಂದರೆ ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಳ್ಳುವಾಗಲೂ ನಲ್ಲಿಗೆ ಕೈ ಒಡ್ಡಿದ್ದೆ.

ಧೈರ್ಯ ಮಾಡಿ ಎದ್ದು ಕೇಳಿದೆ. "ಮೇಡಂ, ಇಷ್ಟು ವರ್ಷ ಹೊತ್ತುಕೊಂಡು ಹೋಗಿ ಬಿಟ್ಟಿದ್ದೀವಿ. ಅವಕ್ಕೆ ದಾರಿ ಹೇಗೆ ಗೊತ್ತಾಗುತ್ತೆ?"

ಎಲ್ಲರೂ ನಕ್ಕರು. ಮೈದುನ ಬಿಡುತ್ತಾನೆಯೇ? ಸುಮ್ಮಸುಮ್ಮನೆ ಹಾರ್ನ್ ಹೊಡೆಯುವ ಚಾಳಿ ಇರುವುದರಿಂದ ಅವನನ್ನು ಎಲ್ಲರೂ ಹಾರ್ನ್ ಅಂತಲೇ ಕರೆಯುವುದು. "ಅವಕ್ಕೆ ನನ್ನ ಲಾರಿನೇ ಬೇಕು ಅತ್ತಿಗೆ. ಕೆಲವು ಎರಡನೇ ಸವಾರಿಗೂ ಬರ್ತಾವಲ್ಲ, ಟಿಕೆಟ್ ಇಲ್ದೆ!" ಎಂದ.

ಅದು ನಮ್ಮ ಹಳೆಯ ತಮಾಷೆ. ಒಂದೇ ಮೀನನ್ನು ಎರಡು ಸಲ ಲೆಕ್ಕಕ್ಕೆ ಹಿಡಿಯಬಾರದೆಂದು ಬಿಡುವ ಮೊದಲು ಬಾಲದ ಅಂಚಿಗೆ ಚಿಕ್ಕ ಕಚ್ಚು ಹಾಕುತ್ತೇವೆ. ಪ್ರತಿ ವರ್ಷವೂ ಕಚ್ಚು ಬಿದ್ದ ಒಂದೆರಡು ಬೋನಿನಲ್ಲಿ ಮತ್ತೆ ಸಿಗುತ್ತವೆ. ಲಾರಿಯ ರುಚಿ ಹತ್ತಿದೆ ಇದಕ್ಕೆ ಅನ್ನುತ್ತೇವೆ.

ಮೇಡಂ ಮಾತ್ರ ನಗಲಿಲ್ಲ. "ಒಳ್ಳೆ ಪ್ರಶ್ನೆ. ಗೋಡೆ ಇದ್ದ ಜಾಗಕ್ಕೆ ಬಂದು ಏನು ಮಾಡ್ತಾವೆ ಅಂತ ನನಗೂ ಪೂರ್ತಿ ಗೊತ್ತಿಲ್ಲ," ಎಂದರು.

ಗೊತ್ತಿಲ್ಲ ಅಂದಮೇಲೆ ಒಡೆಯುವುದು ಯಾಕೆ?

ಮಾರ್ಚ್ ೨

ಕೆರೆಯಂತಿದ್ದ ಹಿನ್ನೀರು ಖಾಲಿಯಾಯಿತು. ಕೆಳಗಿಂದ ಎದ್ದದ್ದು ಬರೀ ಕೆಸರು. ಮರದ ಬುಡಗಳು, ಒಂದು ಹಳೆಯ ರಸ್ತೆ, ರಸ್ತೆಯ ಮೇಲೆ ಇನ್ನೂ ನಿಂತಿರುವ ಮೈಲುಗಲ್ಲು. ನಾತ ಮನೆಯವರೆಗೂ ಬರುತ್ತಿದೆ.

ಇವರು ನೋಡಬೇಕು ಎಂದರು. ಗೇಟುಗಳಿಗೆ ಮೂವತ್ತು ವರ್ಷ ಎಣ್ಣೆ ಹಾಕಿದವರು. ಇಳಿಜಾರು, ಕಲ್ಲು, ಬಿದ್ದರೆ ಹಾಕಿದ ಕಂಬಿಯೂ ಬಾಗುತ್ತದೆ, ಬೇಡವೇ ಬೇಡ ಎಂದೆ. ನಾನೇ ನೋಡಿ ಬಂದು ಹೇಳಿದೆ.

"ಮೈಲುಗಲ್ಲಲ್ಲಿ ಏನು ಬರೆದಿತ್ತು?"

"ನೋಡ್ಲಿಲ್ಲ."

"ನಾನಾಗಿದ್ರೆ ನೋಡ್ತಿದ್ದೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮಾರ್ಚ್ ೧೦

ಒಡೆಯಲು ಶುರು. ಢಮ್ ಎನ್ನಿಸಿ ಹಾರಿಸುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಉದ್ದ ಕೊಕ್ಕಿನ ಯಂತ್ರವೊಂದು ಬೆಳಗಿಂದ ಸಂಜೆಯವರೆಗೆ ಗೋಡೆಯ ತಲೆಯನ್ನು ಕುಟ್ಟುತ್ತದೆ. ಸ್ಟೀಲು ಲೋಟಗಳು ಕಪಾಟಿನಲ್ಲಿ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಒಂದೊಂದರ ನಡುವೆ ಬಟ್ಟೆ ತುರುಕಿದ್ದೇನೆ. ಇವರಿಗೆ ಅದನ್ನು ನೋಡಿ ನಗು. ಬಹಳ ದಿನದ ಮೇಲೆ ನಕ್ಕರು, ಬೈಯಲಿಲ್ಲ ನಾನು.

ಮಾರ್ಚ್ ೧೪

ಬಾಗಿಲು ಬಡಿದ ಸದ್ದಿಗೆ ತೆಗೆದರೆ ಗಡ್ಡದವನು. ಕೆಳಗಿನ ತಿರುವಿನಲ್ಲಿ ಬಲೆ ಹಾಕುವವನು, ಇವರ ಜೊತೆ ಶಾಲೆಗೆ ಹೋದವನು. ಒಳಗೆ ಬಾ ಎಂದರೆ ಬರಲಿಲ್ಲ. ಕೈಯಲ್ಲಿದ್ದ ಬುಟ್ಟಿಯನ್ನು ಹೊಸ್ತಿಲ ಮೇಲೆ ಬೋರಲು ಹಾಕಿದ. ಬೆರಳುದ್ದದ ಮೀನುಗಳು, ಒಂದಷ್ಟು ಏಡಿ, ಕಪ್ಪೆಚಿಪ್ಪು. ಎಲ್ಲವೂ ಸತ್ತಿದ್ದವು, ಮೀನುಗಳ ಕಿವಿರಿನಲ್ಲಿ ಅಣೆಕಟ್ಟಿನ ಕೆಸರು ಮೆತ್ತಿತ್ತು.

"ಮೀನು ದಾಟಿಸೋಳಲ್ವಾ ನೀನು? ಇವನ್ನ ಎಲ್ಲಿಗೆ ದಾಟಿಸ್ತೀಯ, ದಾಟಿಸು ನೋಡೋಣ."

ಒಳಗಿನಿಂದ ಇವರು, "ಲೋ, ಅವಳಾ ಒಡೆದಿದ್ದು? ಬೈಯೋದಾದ್ರೆ ನನಗೆ ಬೈ, ಎದ್ದು ಓಡೋಕೂ ಆಗಲ್ಲ ನನಗೆ," ಎಂದರು.

ಗಡ್ಡದವನು ಕೂಗಾಡುತ್ತಾನೆ ಅಂದುಕೊಂಡರೆ ಅತ್ತುಬಿಟ್ಟ. ಕೆಸರು ಎರಡು ಮಳೆಗೆ ತೊಳೆದು ಹೋಗುತ್ತದೆ ಎಂದು ಮೇಡಂ ಹೇಳಿದ್ದನ್ನೇ ಹೇಳಿದೆ. "ಎರಡು ಮಳೆ ತನಕ ನಾನು ಏನು ನೋಡ್ಕೊಂಡು ಕೂರ್ಲಿ?" ಎಂದು ಕೇಳಿ ಹೋದ.

ಮೊರದಲ್ಲಿ ಬಾಚಿ ಹಿತ್ತಲಲ್ಲಿ ಹೂತೆ. ಬಾಚುವ ಮೊದಲು ಕೈ ಒದ್ದೆ ಮಾಡಿಕೊಂಡಿದ್ದೆ. ಸತ್ತದ್ದಕ್ಕೆ ಯಾಕೋ.

ಮಾರ್ಚ್ ೧೫

ಹೊಳೆ ಕೆಂಪಗಿದೆ. ಬರೆಯಲು ಏನೂ ಇಲ್ಲ.

ಏಪ್ರಿಲ್ ೨೨

ಗೋಡೆ ಇಲ್ಲ. ಎರಡು ಬದಿಯ ಬಂಡೆಗಳಲ್ಲಿ ಕಾಂಕ್ರೀಟಿನ ಗುರುತು ಮಾತ್ರ ಉಳಿದಿದೆ, ಕಿತ್ತ ಹಲ್ಲಿನ ಜಾಗದಂತೆ. ನಡುವೆ ನೀರು ಬಿಳಿಯಾಗಿ ಧುಮುಕುತ್ತದೆ. ಬೋನನ್ನೂ ಕಿತ್ತರು. ನೀರಿಗಿಳಿಯುವಾಗ ಹಾಕುವ ನನ್ನ ರಬ್ಬರಿನ ಉಡುಪನ್ನು ಯಾರೂ ವಾಪಸ್ ಕೇಳಿಲ್ಲ, ಮೊಳೆಗೆ ನೇತುಹಾಕಿದ್ದೇನೆ. ಲಾರಿ ಶೆಡ್ಡಿನಲ್ಲಿದೆ.

ಇವರು ಕೋಲು ಹಿಡಿದು ಕಿಟಕಿಯವರೆಗೆ ನಡೆದರು. ನಾನು ಹಿಂದೆಯೇ ಎರಡೂ ಕೈ ಒಡ್ಡಿಕೊಂಡು ಹೋದೆ.

"ಏನದು ಹಿಂದೆ? ನಾನೇನು ಮೀನಾ?"

"ಬಿದ್ರೆ ಗೊತ್ತಾಗುತ್ತೆ."

"ಬೀಳೋಕಾದ್ರೂ ಒಂದು ಸಲ ಬಿಡು."

ಇಂಥ ಮಾತು ಆಡುತ್ತಾರೆ. ಆಮೇಲೆ ನನಗೆ ನಿದ್ದೆ ಬರುವುದಿಲ್ಲ ಅಂದರೆ ನನ್ನ ತಪ್ಪು.

ಮೇ ೩೦

ಮೊದಲ ಮಳೆ ಬಂದು ಹೋಯಿತು. ಕೆಸರು ಅರ್ಧ ತೊಳೆದಿದೆ. ಬೆಳಿಗ್ಗೆ ಹಾರ್ನ್ ಓಡಿ ಬಂದ. ಹಾರ್ನ್ ಹೊಡೆಯದೆ ಬಂದ ಅಂದರೆ ಏನೋ ದೊಡ್ಡದೇ ಇರಬೇಕು ಅಂದುಕೊಂಡೆ.

"ಬಂದಿದ್ದಾವೆ ಅತ್ತಿಗೆ."

ಗೋಡೆ ಇದ್ದ ಜಾಗದ ಕೆಳಗಿನ ಗುಂಡಿಯಲ್ಲಿ ಮೊಳದುದ್ದದ ಬೆನ್ನುಗಳು, ಎಲ್ಲವೂ ಮೇಲಕ್ಕೆ ಮುಖ ಮಾಡಿ. ಹೆಚ್ಚಿಲ್ಲ. ಹೋದ ವರ್ಷವೂ ಟ್ಯಾಂಕು ಎರಡೇ ಸಲ ಓಡಿದ್ದು. ನಾನು ಬಂದ ಹೊಸದರಲ್ಲಿ ಇಡೀ ವಾರ ಓಡುತ್ತಿತ್ತು. ಈ ವರ್ಷ ಮೊಟ್ಟೆ ಬೀಳದಿದ್ದರೆ ಈ ಹೊಳೆಗೆ ಏರುಮೀನಿನ ಬೀಜವೇ ಉಳಿಯುವುದಿಲ್ಲವೇನೋ.

ಮೇಡಂ ಹೇಳಿದ್ದು ಒಂದೇ ಮಾತು. "ಯಾರೂ ಮುಟ್ಟಬಾರದು."

ಜೂನ್ ೩

ಅಲ್ಲೇ ಇವೆ. ಒಂದೂ ಹತ್ತಿಲ್ಲ. ಬಿಳಿ ನೀರಿನವರೆಗೆ ಹೋಗಿ ಹಿಂದಕ್ಕೆ ಬರುತ್ತವೆ. ಗೋಡೆ ಇಲ್ಲವೆಂದು ಅವಕ್ಕೆ ಗೊತ್ತಾಗಿಲ್ಲ. ಯಾರು ಹೇಳಬೇಕು? ಹೊಟ್ಟೆ ತುಂಬಿದ ಹೆಣ್ಣುಗಳ ಪಕ್ಕೆ ಬಿರಿಯುವ ಹಾಗಿದೆ. ಹೀಗೇ ನಿಂತರೆ ಮೊಟ್ಟೆಯನ್ನು ಇಲ್ಲೇ ಕೆಸರಿಗೆ ಬಿಡುತ್ತವೆ. ಕೆಸರಲ್ಲಿ ಮೊಟ್ಟೆಗೆ ಉಸಿರಿಲ್ಲ.

ಮೇಡಂ ಹೊಳೆ ಸಮುದ್ರ ಸೇರುವಲ್ಲಿಗೆ ಅಳತೆಗೆ ಹೋಗಿದ್ದಾರೆ, ಎರಡು ಮೂರು ದಿನ ಬರುವುದಿಲ್ಲ. ಇವರು ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಎರಡನೇ ಸಲ ಕೇಳಿ, ಆಮೇಲೆ ತಾವೇ ಎದ್ದು ನೀರು ಕುಡಿದರಂತೆ.

ಜೂನ್ ೪

ದಾಟಿಸಿದೆವು.

ಹಾರ್ನ್ ಮೊದಲು ಬೇಡ ಅಂದ. "ಮೇಡಂ ಚರ್ಮ ಸುಲೀತಾರೆ." ಆಮೇಲೆ ಲಾರಿ ಸ್ಟಾರ್ಟ್ ಮಾಡುವಾಗ ಅವನ ಮುಖ ನೋಡಬೇಕಿತ್ತು, ಹಬ್ಬದಂತೆ ಇತ್ತು. ಬೆಳಕು ಹರಿಯುವ ಹೊತ್ತಿಗೆ ಬಲೆ ಬಿಟ್ಟು ಏಳು ಹಿಡಿದೆವು. ಉಡುಪು ಹಾಕಿಕೊಂಡು ನೀರಿಗಿಳಿದಾಗ ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಯಿತು. ಕೈಗೆ ಎಲ್ಲಾ ನೆನಪಿತ್ತು. ಬಾಲಕ್ಕೆ ಕಚ್ಚು ಹಾಕಿ ಮೇಲಿನ ಮಡುವಿನಲ್ಲಿ ಬಿಟ್ಟೆವು. ಸ್ವಲ್ಪ ಹೊತ್ತು ನಿಂತು ಆಳಕ್ಕೆ ಹೋದವು.

ಇವತ್ತು ಚೆನ್ನಾಗಿ ನಿದ್ದೆ ಬರುತ್ತದೆ.

ಜೂನ್ ೫

ಗುಂಡಿಯಲ್ಲಿ ಕಚ್ಚು ಬಿದ್ದ ಬಾಲ. ಒಂದಲ್ಲ, ನಾಲ್ಕು.

"ಎರಡನೇ ಸವಾರಿ," ಎಂದ ಹಾರ್ನ್. ಇಬ್ಬರಿಗೂ ನಗು ಬರಲಿಲ್ಲ.

ನೀರಿನ ರಭಸಕ್ಕೆ ಜಾರಿ ಬಂದಿರಬೇಕು ಅಂದುಕೊಂಡೆವು. ನಾಳೆ ಇನ್ನೂ ಮೇಲೆ, ಸೇತುವೆಯ ಆಚೆ ಬಿಡೋಣ ಎಂದೆ. ಎಂದವಳು ನಾನೇ. ಅವನಲ್ಲ.

ಜೂನ್ ೬

ಒಂದು ಸತ್ತಿತು.

ಜೂನ್ ೭

ನಿನ್ನೆ ಅದಕ್ಕಿಂತ ಹೆಚ್ಚು ಬರೆಯಲು ಆಗಲಿಲ್ಲ.

ನಾಲ್ಕನ್ನೂ ಮತ್ತೆ ಹಿಡಿದು ಎರಡನೇ ಕಚ್ಚು ಹಾಕಿದೆ. ಟ್ಯಾಂಕಿನ ನೀರು ತಣ್ಣಗೇ ಇತ್ತು. ಗಾಳಿಯ ಪಂಪು ನಡೆಯುತ್ತಿತ್ತು. ಯಾವುದರ ಮೇಲೂ ತಪ್ಪು ಹಾಕುವಂತಿಲ್ಲ. ಸೇತುವೆಯ ಹತ್ತಿರ ಮುಚ್ಚಳ ತೆಗೆದಾಗ ದೊಡ್ಡ ಹೆಣ್ಣು ಪಕ್ಕಕ್ಕೆ ವಾಲಿತ್ತು. ಜೋಲಿಯಲ್ಲಿ ಎತ್ತಿ ಹರಿವ ನೀರಿಗೆ ಮುಖ ಮಾಡಿ ಹಿಡಿದೆ, ಹಿಂದೆ ಮುಂದೆ ಆಡಿಸಿದೆ, ಕಿವಿರು ಒಂದೆರಡು ಸಲ ತೆರೆಯಿತು. ನನ್ನ ಕೈಯಲ್ಲೇ ಭಾರವಾಯಿತು. ಒತ್ತಿದ ಜಾಗದಿಂದ ಮೊಟ್ಟೆ ಸೋರಿ ಬೆರಳ ಸಂದಿಯಲ್ಲಿ ಇಳಿದವು, ಹಳದಿ ಸಾಸಿವೆಯಂತೆ. ಒಂದೂ ಕಲ್ಲಿಗೆ ಅಂಟಲಿಲ್ಲ. ನೀರು ಒಯ್ದಿತು.

ಹಾರ್ನ್ ಲಾರಿಯಿಂದ ಇಳಿಯಲೇ ಇಲ್ಲ. ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಕೂತಿದ್ದ.

ಸಂಜೆ ಮೇಡಂ ಬಂದರು. ಸತ್ತ ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ಮುಂದಿಟ್ಟೆ. ಬಟ್ಟೆ ಬಿಡಿಸಿ ಬಾಲದ ಎರಡು ಕಚ್ಚುಗಳನ್ನು ಬೆರಳಲ್ಲಿ ಸವರಿದರು. ಬೈಯಲಿಲ್ಲ. ಬೈದಿದ್ದರೆ ಸಲೀಸಿತ್ತು.

"ಜಾರಿ ಬಂದಿದ್ದಲ್ಲ ಇದು. ವಾಪಸ್ ಬಂದಿದ್ದು," ಎಂದರು. "ನೀರಿನ ವಾಸನೆ ಹಿಡ್ಕೊಂಡು ಒಂದೊಂದು ತಿರುವೂ ಗುರುತು ಹಾಕ್ಕೊಂಡು ಹತ್ತುತ್ತೆ ಅದು. ಮಧ್ಯದಲ್ಲಿ ಎತ್ತಿ ಎಲ್ಲೋ ಬಿಟ್ರೆ ದಾರಿಯಲ್ಲಿ ಒಂದು ತುಂಡು ಕಾಣೆ. ಕೆಲವು ಹಾಗೇ ಮುಂದೆ ಹೋಗ್ತಾವೆ. ಕೆಲವು ಆ ತುಂಡು ಹುಡುಕಿಕೊಂಡು ಎತ್ತಿದ ಜಾಗಕ್ಕೇ ವಾಪಸ್ ಬರ್ತಾವೆ."

"ಹಾಗಾದ್ರೆ ಮೊದಲು ಬರ್ತಿದ್ವಲ್ಲ… ಬೋನಿಗೆ, ಎರಡನೇ ಸಲ?"

ಬಟ್ಟೆ ಮತ್ತೆ ಮುಚ್ಚಿ, "ಅವೂ ಅಷ್ಟೇ," ಎಂದರು.

ಆಗ ಗೋಡೆ ಇತ್ತು. ವಾಪಸ್ ಬರಬೇಕೆಂದರೆ ಗೇಟಿನ ಮೇಲಿಂದ ಬಂಡೆಗೆ ಬೀಳಬೇಕು. ಬಿದ್ದು ಬದುಕಿದ್ದಷ್ಟೇ ಬೋನಿಗೆ ಬಂದದ್ದು. ಅವನ್ನು ನೋಡಿ ನಾವು ಟಿಕೆಟ್ ಕೇಳಿ ನಗುತ್ತಿದ್ದೆವು.

ಮೇಡಂ ನನ್ನ ಭುಜ ಹಿಡಿದರು. "ನೀವು ಇಷ್ಟು ವರ್ಷ ಹೊರದೇ ಇದ್ದಿದ್ರೆ ಇವತ್ತು ಆ ಗುಂಡಿಯಲ್ಲಿ ಒಂದೂ ಇರ್ತಿರ್ಲಿಲ್ಲ. ಅದೂ ನಿಜ, ಇದೂ ನಿಜ."

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಷ್ಟು ಜಾಗ ನನ್ನ ತಲೆಯಲ್ಲಿಲ್ಲ.

ಇವರಿಗೆ ಎಲ್ಲಾ ಹೇಳಿದೆ. ಸಮಾಧಾನ ಹೇಳುತ್ತಾರೆ ಅಂದುಕೊಂಡೆ. ಪೂರ್ತಿ ಕೇಳಿ ಕೋಲು ಹಿಡಿದು ಎದ್ದರು. ಆಮೇಲೆ ಅಡುಗೆಮನೆಯಲ್ಲಿ ಏನೋ ಸದ್ದು. ಊಟ ಬಡಿಸಿದ ತಟ್ಟೆ ಮುಂದೆ ಬಂತು. ಉಪ್ಪು ಜಾಸ್ತಿಯಾಗಿತ್ತು.

ಜೂನ್ ೯

ಶಿಕ್ಷೆಯೋ ಕೆಲಸವೋ, ಮೇಡಂ ನನ್ನನ್ನು ಬಂಡೆಯ ಮೇಲೆ ಕೂರಿಸಿದ್ದಾರೆ. ನೋಡಬೇಕು, ಅಷ್ಟೇ. ಲಾರಿಯ ಬೀಗದ ಕೈಯನ್ನು ಹಾರ್ನ್ ತಾನಾಗಿಯೇ ಅವರಿಗೆ ಕೊಟ್ಟ.

ನೋಡುವುದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಬೋನಿನಲ್ಲಿ ಕೈಗೆ ಕೆಲಸವಿತ್ತು, ತಲೆ ಸುಮ್ಮನಿರುತ್ತಿತ್ತು. ಇಲ್ಲಿ ಕೈ ಸುಮ್ಮನಿದೆ. ಮತ್ತೆ ಮತ್ತೆ ಬಗ್ಗಿ ನೀರಿಗೆ ಅದ್ದುತ್ತೇನೆ. ಎತ್ತಲು ಏನೂ ಇಲ್ಲ.

ಎರಡು ಕಚ್ಚಿನ ಬಾಲದ್ದು ಒಂದು ವಾಪಸ್ ಬಂದಿದೆ. ಇನ್ನೆರಡು ಕಾಣಿಸಲಿಲ್ಲ.

ಜೂನ್ ೧೨

ಮಳೆಯಿಲ್ಲ. ನೀರು ಇಳಿಯುತ್ತಿದೆ. ಬಿಳಿ ನೀರಿನ ನಡುವೆ ಕಲ್ಲು ಮೇಲೆದ್ದಿವೆ.

ಗಡ್ಡದವನು ಬಂದು ಪಕ್ಕದಲ್ಲಿ ಕೂತ. ಬುಟ್ಟಿಯ ದಿನದ ಮೇಲೆ ಇದೇ ಮೊದಲು. ಗುಂಡಿಯನ್ನು ನೋಡಿ, "ನಮ್ಮಪ್ಪ ಹೇಳ್ತಿದ್ದ, ಗೋಡೆ ಬರೋಕೆ ಮುಂಚೆ ಇವು ಇಲ್ಲೇ ನಿಂತ್ಕೋತಿದ್ವಂತೆ, ದೊಡ್ಡ ನೀರಿಗೆ ಕಾಯ್ತಾ," ಎಂದ.

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ನೀನು ಕೇಳಿದ್ಯಾ? ಅಲ್ಲದೆ ನಮ್ಮಪ್ಪ ಹೇಳ್ತಿದ್ದದ್ದು ಬಹಳ ಇತ್ತು. ಅರ್ಧ ಸುಳ್ಳು. ಆನೆ ಗಾತ್ರದ ಏಡಿ ಹಿಡಿದಿದ್ದೀನಿ ಅಂತಿದ್ದ."

ಇಬ್ಬರೂ ಸ್ವಲ್ಪ ನಕ್ಕೆವು. ಅವನ ಬಲೆ ಈಗಲೂ ಖಾಲಿಯೇ. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜೂನ್ ೧೪

ಗುಂಡಿಯ ಅಂಚಿನಲ್ಲಿ ಒಂದು ಹೆಣ್ಣು ಕೆಸರನ್ನು ಬಾಲದಿಂದ ಬಾಚುತ್ತಿತ್ತು. ಮೊಟ್ಟೆಗೆ ಜಾಗ ಮಾಡುವುದು ಹಾಗೆಯೇ. ಇಲ್ಲಿ ಬೇಡ ಕಣೇ, ಇಲ್ಲಿ ಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ. ಬಲೆ ಶೆಡ್ಡಿನಲ್ಲಿದೆ ಎಂದು ನೆನಪಾಯಿತು. ಎದ್ದು ನಿಂತೆ. ಮತ್ತೆ ಕೂತೆ.

ಕೂತೇ ಇದ್ದೆ.

ಜೂನ್ ೧೭

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಮೊನ್ನೆ ಗುಡ್ಡದ ಆಚೆ ಗುಡುಗಿತ್ತು. ಇಲ್ಲಿ ಒಂದು ಹನಿಯೂ ಇಲ್ಲ. ನಿನ್ನೆ ಮಧ್ಯಾಹ್ನ ನೀರಿನ ಸದ್ದು ಬದಲಾಯಿತು. ದಪ್ಪ ದನಿ. ಬಂಡೆಯ ಒಣ ಭಾಗ ನೋಡನೋಡುತ್ತ ಒದ್ದೆಯಾಯಿತು. ಎಲೆ, ಕಡ್ಡಿ, ನೊರೆ. ಎದ್ದಿದ್ದ ಕಲ್ಲುಗಳೆಲ್ಲ ಒಂದೊಂದಾಗಿ ಮುಳುಗಿದವು. ಗುಂಡಿ ಕಲಕಿ ಮೀನು ಕಾಣದಾಯಿತು. ಹೋಯಿತು, ಎಲ್ಲಾ ಕೊಚ್ಚಿಕೊಂಡು ಹೋಯಿತು ಎಂದುಕೊಂಡೆ.

ಆಮೇಲೆ ಬಿಳಿ ನೀರಿನಲ್ಲಿ ಒಂದು ಕಪ್ಪು ಬೆನ್ನು. ಅರ್ಧ ಹತ್ತಿ, ನಿಂತಲ್ಲೇ ಬಾಲ ಬಡಿದು, ಹಿಂದಕ್ಕೆ ಜಾರಿತು. ಇನ್ನೊಂದು. ಅದೂ ಜಾರಿತು. ಮೂರನೆಯದು ಎಡಕ್ಕೆ ಹೋಯಿತು. ಕಾಂಕ್ರೀಟು ಕಿತ್ತ ಗುರುತಿನ ಕೆಳಗೆ ಒಂದು ಬಂಡೆಯಿದೆ, ಅದರ ಮರೆಯಲ್ಲಿ ನೀರು ಸ್ವಲ್ಪ ಸುಮ್ಮನಿರುತ್ತದೆ. ಇಷ್ಟು ದಿನ ನೋಡಿದರೂ ನನಗೆ ಅದು ಕಂಡಿರಲಿಲ್ಲ. ಅಲ್ಲಿ ನಿಂತು ಉಸಿರು ತೆಗೆದುಕೊಂಡು, ಒಂದೇ ಏಟಿಗೆ ಹಾರಿತು. ಗಾಳಿಯಲ್ಲಿ ಒಂದು ಕ್ಷಣ ಪೂರ್ತಿ ಮೈ ಕಂಡಿತು. ಬಾಲದಲ್ಲಿ ಎರಡು ಕಚ್ಚು.

ಅದರ ಹಿಂದೆ ಉಳಿದವು ಒಂದೊಂದೇ, ಅದೇ ಬಂಡೆಯ ಮರೆಗೆ ಬಂದು, ನಿಂತು, ಹಾರಿ.

ಅಷ್ಟರಲ್ಲಿ ಹಾರ್ನ್, ಗಡ್ಡದವನು, ಮೇಡಂ ಎಲ್ಲರೂ ಬಂಡೆಯ ಹತ್ತಿರ ಬಂದಿದ್ದರು. ನನಗೆ ಕೂಗಬೇಕೆನಿಸಿತು, ಕೂಗಲಿಲ್ಲ. ಹಾರ್ನ್ ಕೂಗಿದ. ಬಾಯಲ್ಲೇ ಲಾರಿಯಂತೆ ಉದ್ದಕ್ಕೆ ಹಾರ್ನ್ ಹೊಡೆದ. ಗಡ್ಡದವನು ಅವನ ಬಾಯಿ ಮುಚ್ಚಿದ. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಎಲ್ಲವೂ ಹತ್ತಲಿಲ್ಲ. ಸಂಜೆಗೆ ಗುಂಡಿಯ ಅಂಚಿನಲ್ಲಿ ಒಂದೆರಡು ಬಿಳಿ ಹೊಟ್ಟೆ ಮೇಲಾಗಿ ತೇಲಿದವು. ಕೆಸರು ಬಾಚುತ್ತಿದ್ದ ಹೆಣ್ಣು ಅದರಲ್ಲಿತ್ತೋ, ಹತ್ತಿದವುಗಳಲ್ಲಿತ್ತೋ ಗೊತ್ತಿಲ್ಲ. ಮುಂದಿನ ವರ್ಷ ಏನಾಗುತ್ತದೆ ಎಂದು ಮೇಡಂ ಅವರನ್ನು ಕೇಳಲಿಲ್ಲ. ಗೊತ್ತಿಲ್ಲ ಅನ್ನುತ್ತಾರೆ. ಅನ್ನಲಿ.

ಎಷ್ಟು ಹೊತ್ತು ಕೂತಿದ್ದೆನೋ. ಯಾರೋ ಪಕ್ಕಕ್ಕೆ ಬಂದು ಕೂತರು. ನೋಡಿದರೆ ಇವರು, ತೊಡೆಯ ಮೇಲೆ ಕೋಲು, ಕೈಯಲ್ಲಿ ಚಹಾದ ಫ್ಲಾಸ್ಕು.

"ಮೈಲುಗಲ್ಲು ನೋಡ್ಕೊಂಡು ಬಂದೆ," ಎಂದರು. "ಹೆಸರೇನೂ ಇಲ್ಲ. ಒಂದು ಬಾಣದ ಗುರುತು ಅಷ್ಟೇ, ಮೇಲಕ್ಕೆ."

"ಸಕ್ಕರೆ ಹಾಕಿದ್ದೀರಾ?" ಎಂದೆ.

ಹಾಕಿದ್ದರು. ಲೋಟ ಕೊಡುವಾಗ ನನ್ನ ಬೆರಳು ಹಿಡಿದು, "ಇಷ್ಟು ತಣ್ಣಗಿದೆಯಲ್ಲೇ ಕೈ," ಎಂದರು.

ಯಾವಾಗಲೋ ಒದ್ದೆ ಮಾಡಿಕೊಂಡಿದ್ದೆ. ಏನನ್ನೂ ಮುಟ್ಟಿರಲಿಲ್ಲ. ಒರೆಸಿಕೊಳ್ಳುವುದು ಮರೆತುಹೋಗಿತ್ತು.